ಓಡದ ಬಣ್ಣ, ಓಡುವ ಕುದುರೆ

ನಾನು ಹೈಸ್ಕೂಲಿನ ಮೊದಲ ತರಗತಿಯಲ್ಲಿದ್ದಾಗ ಒಂದು ದಿನ ತಾಯಿಯ ಜೊತೆಯಲ್ಲಿ ಪೇಟೆಯ ಜವಳಿ ಅಂಗಡಿಗೆ ಹೋಗಿದ್ದೆ. ಹತ್ತಾರು ಸೀರೆ ಬಿಚ್ಚಿಸಿ ನೋಡಿದ ಮೇಲೆ ತಾಯಿ ಒಂದನ್ನು ಕೈಯಲ್ಲಿ ಹಿಡಿದು, "ಬಣ್ಣ ಹೋಗೋಲ್ಲ ತಾನೆ?" ಎಂದು ಕೇಳಿದರು. "ಎಲ್ಲಾದರೂ ಉಂಟೆ ತಾಯಿ! ಇದು ಫಾಸ್ಟ್ ಕಲರು" ಎಂದರು ಅಂಗಡಿಯವರು. ಆ ದಿನ ಬೆಳಿಗ್ಗೆಯಷ್ಟೇ ನಮ್ಮ ಡ್ರಿಲ್ ಮಾಸ್ತರು ಮೈದಾನದ ಸುತ್ತ ನಮ್ಮನ್ನು ಓಡಿಸುತ್ತ "ಫಾಸ್ಟ್, ಫಾಸ್ಟ್" ಎಂದು ಕೂಗಿದ್ದರು. ಹಾಗಾದರೆ ಫಾಸ್ಟ್ ಬಣ್ಣವೆಂದರೆ ಬೇಗ ಓಡಿಹೋಗುವ ಬಣ್ಣವಾಗಬೇಕಲ್ಲ! ಅದೇ ವಾರ ಇಂಗ್ಲಿಷ್ ಪಾಠದಲ್ಲಿ ಅದೇ ಶಬ್ದ ಮೂರನೆಯ ವೇಷದಲ್ಲಿ ಕಾಣಿಸಿಕೊಂಡಿತು. ಅಲ್ಲಿ ಅದಕ್ಕೆ ಉಪವಾಸ ಎಂದು ಅರ್ಥ. ಮೇಷ್ಟ್ರನ್ನು ಕೇಳಿದೆ. "ಅದು ಹಾಗೆಯೇ, ಬಾಯಿಪಾಠ ಮಾಡು" ಎಂದರು. ಸೀರೆಯೇನೋ ಮೊದಲನೆಯ ಒಗೆತಕ್ಕೇ ಬಣ್ಣ ಬಿಟ್ಟಿತು. ಶಬ್ದದ ಗಂಟು ಮಾತ್ರ ಬಹಳ ಕಾಲ ಬಿಚ್ಚಲಿಲ್ಲ.

ಅದು ಬಿಚ್ಚಿದ್ದು ಆಕ್ಸ್‌ಫರ್ಡ್ ನಿಘಂಟಿನ ದೊಡ್ಡ ಸಂಪುಟಗಳನ್ನು ತೆರೆಯುವ ಅವಕಾಶ ದೊರೆತ ಮೇಲೆ. 1884ರಲ್ಲಿ ಮೊದಲ ಕಂತು ಹೊರಬಂದು 1928ರಲ್ಲಿ ಮುಗಿದ ಆ ನಿಘಂಟಿನ ಪ್ರಧಾನ ಸಂಪಾದಕ ಜೇಮ್ಸ್ ಮರ್ರೆಯ ಹೆಸರು ಹಲವರಿಗೆ ಗೊತ್ತು. ಆದರೆ 'ಎಫ್' ಅಕ್ಷರವನ್ನು ಸಂಪಾದಿಸಿದವನು ಹೆನ್ರಿ ಬ್ರಾಡ್ಲಿ. ಈತ ವಿಶ್ವವಿದ್ಯಾಲಯದ ಪಂಡಿತನಲ್ಲ. ಷೆಫೀಲ್ಡ್ ನಗರದ ಚೂರಿ ಕತ್ತರಿ ತಯಾರಿಸುವ ಒಂದು ಸಂಸ್ಥೆಯಲ್ಲಿ ಸುಮಾರು ಇಪ್ಪತ್ತು ವರ್ಷ ಗುಮಾಸ್ತನಾಗಿದ್ದವನು. ಬಿಡುವಿನಲ್ಲಿ ತಾನೇ ಭಾಷೆಗಳನ್ನು ಕಲಿತವನು. ಆ ನಿಘಂಟಿನ ನೇಮವೆಂದರೆ ಶಬ್ದದ ಅರ್ಥಗಳನ್ನು ಅವು ಹುಟ್ಟಿದ ಕಾಲದ ಕ್ರಮದಲ್ಲಿ ಜೋಡಿಸುವುದು. ಹಾಗೆ ಜೋಡಿಸಿದಾಗ ಒಂದು ಶಬ್ದದ ಕೆಳಗೆ ಒಂದು ಜನಾಂಗದ ದಿನಚರಿಯೇ ತೆರೆದುಕೊಳ್ಳುತ್ತದೆ.

ಹಳೆಯ ಇಂಗ್ಲಿಷಿನಲ್ಲಿ ಫಾಸ್ಟ್ ಎಂದರೆ ಗಟ್ಟಿಯಾದದ್ದು, ಅಲುಗದೆ ನಿಂತದ್ದು, ಭದ್ರವಾಗಿ ಹಿಡಿದದ್ದು. ಬಿಡದ ಬಣ್ಣಕ್ಕೆ ಆ ಹೆಸರು ಬಂದದ್ದು ಈ ಮೊದಲ ಅರ್ಥದಿಂದ. ಗಾಢವಾದ ನಿದ್ರೆಗೂ, ನಿಷ್ಠೆಯ ಸ್ನೇಹಿತನಿಗೂ ಆ ವಿಶೇಷಣ ಸಲ್ಲುತ್ತಿತ್ತು. ಹಾಗಾದರೆ ಅಲುಗದ್ದು ಓಡತೊಡಗಿದ್ದು ಹೇಗೆ? ಗಟ್ಟಿಯಾಗಿ ಹಿಡಿ, ಗಟ್ಟಿಯಾಗಿ ಹೊಡೆ, ಬಿಡದೆ ಹೋರಾಡು ಎನ್ನುವಾಗ ಈ ಮಾತು ಕ್ರಿಯೆಯ ಪಕ್ಕದಲ್ಲಿ ನಿಂತು 'ಬಲವನ್ನೆಲ್ಲ ಹಾಕಿ' ಎಂಬ ಅರ್ಥ ಪಡೆಯಿತು. ಬಲವನ್ನೆಲ್ಲ ಹಾಕಿ ಓಡುವವನು ಸಹಜವಾಗಿಯೇ ಬೇಗ ಓಡುತ್ತಾನೆ. ಕ್ರಮೇಣ ಬಲ ಮರೆತುಹೋಗಿ ಬೇಗವಷ್ಟೇ ಉಳಿಯಿತು. ಇದು ನಮಗೆ ವಿಚಿತ್ರವಾಗಿ ಕಾಣಬೇಕಾಗಿಲ್ಲ. ಕನ್ನಡಕ್ಕೆ ಬಂದ ಪಾರಸಿಯ 'ಜೋರು' ಇದೇ ದಾರಿಯನ್ನು ತುಳಿದಿದೆ. ಮೂಲದಲ್ಲಿ ಅದಕ್ಕೆ ಬಲ ಎಂದಷ್ಟೇ ಅರ್ಥ. ನಾವು ಜೋರಾಗಿ ತಳ್ಳುತ್ತೇವೆ, ಜೋರಾಗಿ ಕೂಗುತ್ತೇವೆ, ಜೋರಾಗಿ ಓಡುತ್ತೇವೆ. ಮೂರನೆಯದರಲ್ಲಿ ಬಲ ವೇಗವಾಗಿದೆ. ಯಾರೂ ಅದನ್ನು ಗಮನಿಸಿಲ್ಲ.

ಇನ್ನು ಉಪವಾಸ. ಇದೂ ಅದೇ ಹಿಡಿತದ ಮಗು. ನಾಲ್ಕನೆಯ ಶತಮಾನದಲ್ಲಿ ವುಲ್ಫಿಲ ಎಂಬ ಬಿಷಪ್ ಗಾಥಿಕ್ ಭಾಷೆಗೆ ಬೈಬಲನ್ನು ತಂದಾಗ ಬಳಸಿದ 'ಫಾಸ್ಟನ್' ಎಂಬ ಕ್ರಿಯಾಪದಕ್ಕೆ ಕಾಪಾಡು, ಪಾಲಿಸು ಎಂಬ ಅರ್ಥವೂ ಇದೆ, ಉಪವಾಸವಿರು ಎಂಬ ಅರ್ಥವೂ ಇದೆ. ನೇಮವನ್ನು ಬಿಡದೆ ಹಿಡಿಯುವುದೇ ಉಪವಾಸ. ನಮ್ಮ ಮನೆಗಳ ಹೆಂಗಸರು ವ್ರತವನ್ನು 'ಹಿಡಿಯುತ್ತಾರೆ' ಅಲ್ಲವೆ? ರಾತ್ರಿಯ ಆ ಹಿಡಿತವನ್ನು ಬೆಳಗಿನಲ್ಲಿ ಮುರಿಯುವುದು ಬ್ರೆಕ್‌ಫಾಸ್ಟ್. ದೋಸೆಯ ಮುಂದೆ ಕುಳಿತಾಗ ಇದನ್ನು ನೆನೆಯುವವರು ಕಡಿಮೆ.

ಸ್ಥೈರ್ಯ, ವೇಗ, ಸಂಯಮ, ಮೂರೂ ಒಂದೇ ಮಾತಿನ ಹೊಟ್ಟೆಯಲ್ಲಿದ್ದವು. ಆಮೇಲೆ ಹದಿನೆಂಟನೆಯ ಶತಮಾನದಲ್ಲಿ ಒಂದು ಚೋದ್ಯ ನಡೆಯಿತು. ಕುಡಿತ, ಜೂಜು, ವಿಲಾಸಗಳಲ್ಲಿ ಬದುಕನ್ನು ಹರಿಯಬಿಟ್ಟವನನ್ನೂ ಇಂಗ್ಲಿಷರು ಫಾಸ್ಟ್ ಎನ್ನತೊಡಗಿದರು. "ಹುಡುಗ ಸ್ವಲ್ಪ ಫಾಸ್ಟು" ಎಂದು ನಮ್ಮ ಹಿರಿಯರು ದನಿ ತಗ್ಗಿಸಿ ಹೇಳುತ್ತಿದ್ದುದು ಅಲ್ಲಿಂದ ಬಂದದ್ದು. ಏಕಾದಶಿಯಂದು ಹಸಿದಿರುವವನಿಗೂ ಅದೇ ಮಾತು, ಕ್ಲಬ್ಬಿನಲ್ಲಿ ಬೆಳಗು ಮಾಡುವವನಿಗೂ ಅದೇ ಮಾತು.

ವೇಗದ ಮಿಕ್ಕ ಮಾತುಗಳನ್ನು ತಟ್ಟಿ ನೋಡಿದರೂ ಒಳಗೆ ವೇಗ ಸಿಕ್ಕುವುದಿಲ್ಲ. 'ಕ್ವಿಕ್' ಎಂದರೆ ಮೊದಲು ಜೀವವಿರುವುದು. ಇಂಗ್ಲಿಷರ ಹಳೆಯ ಪ್ರಾರ್ಥನೆಗಳಲ್ಲಿ ಸತ್ತವರಿಗೆ ಎದುರಾಗಿ ಬರುವವರು ಕ್ವಿಕ್, ಅಂದರೆ ಬದುಕಿರುವವರು. ಉಗುರಿನ ಬುಡದ ನೋಯುವ ಮಾಂಸಕ್ಕೂ, ಅಂಗೈಯಲ್ಲಿ ನಿಲ್ಲದ ಪಾದರಸಕ್ಕೂ ಈ ಶಬ್ದ ಸಂದಿರುವುದು ಆ ಜೀವದ ದೆಸೆಯಿಂದ. ಸಂಸ್ಕೃತದ ಜೀವ, ಲ್ಯಾಟಿನ್ನಿನ ವಿವುಸ್, ಇಂಗ್ಲಿಷಿನ ಕ್ವಿಕ್, ಮೂರೂ ದಾಯಾದಿಗಳು. 'ಸ್ಪೀಡ್' ಇನ್ನೂ ಬೆರಗಿನದು. ಅದರ ಹಳೆಯ ಅರ್ಥ ಏಳಿಗೆ, ಕಾರ್ಯಸಿದ್ಧಿ. ಪಯಣ ಹೊರಟವನಿಗೆ ದೇವರು ಸ್ಪೀಡ್ ಕೊಡಲಿ ಎಂದು ಹರಸುವಾಗ ಅವನು ಬೇಗ ತೊಲಗಲಿ ಎಂದಲ್ಲ, ಹೋದ ಕೆಲಸ ಕೈಗೂಡಲಿ ಎಂದು. ಲ್ಯಾಟಿನ್ನಿನಲ್ಲಿ ಭರವಸೆಯೆಂಬ ಅರ್ಥದ 'ಸ್ಪೆಸ್' ಮತ್ತು ಸಮೃದ್ಧವೆಂಬ ಅರ್ಥದ ಸಂಸ್ಕೃತದ 'ಸ್ಫೀತ' ಇದರ ಬಂಧುಗಳೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಅವಸರ ಹೆಚ್ಚಾದಷ್ಟೂ ಸ್ಪೀಡು ಕಡಿಮೆ ಎಂಬ ಅವರ ಗಾದೆ ಈಗ ಒಗಟಿನಂತೆ ಕೇಳುತ್ತದೆ. ಸಿದ್ಧಿ ಎಂದು ಓದಿಕೊಂಡರೆ ಅದರಲ್ಲಿ ಒಗಟೇನೂ ಇಲ್ಲ.

ನಿಧಾನದ ಕಡೆಗೂ ಒಂದು ಮಾತು. 'ಸ್ಲೋ' ಎಂಬುದು ಹಳೆಯ ಇಂಗ್ಲಿಷಿನಲ್ಲಿ ಕಾಲಿಗಿಂತ ಬುದ್ಧಿಗೆ ಸೇರಿದ್ದು, ಜಡ ಎಂದು ಅದರ ಅರ್ಥ. ನಮ್ಮ 'ಮಂದ'ವೂ ಮಂದಗಮನೆಗೆ ಅಲಂಕಾರವಾಗಿ, ಮಂದಮತಿಗೆ ಬೈಗುಳಾಗಿ ಎರಡು ಮನೆಗಳಲ್ಲಿ ಬಾಳುತ್ತಿದೆ. 'ಸೂನ್' ಎಂದರೆ ಒಂದು ಕಾಲಕ್ಕೆ ಈ ಕ್ಷಣ ಎಂದು. ಈಗ ಸ್ವಲ್ಪ ಹೊತ್ತಿನಲ್ಲಿ ಎಂದು. ಮನುಷ್ಯರ ಸೋಮಾರಿತನ ಶಬ್ದವನ್ನು ಹಾಗೆ ಸವೆಸಿದೆ. ನಾವೂ ಮನೆಯೊಳಗಿನಿಂದ "ಇದೋ ಬಂದೆ" ಎಂದು ಭೂತಕಾಲದಲ್ಲಿ ಕೂಗಿ ಅರ್ಧ ಗಂಟೆ ಕಳೆದು ಹೊರಗೆ ಬರುವವರೇ.

ವೇಗ ಇಂಗ್ಲಿಷಿನಲ್ಲಿ ಜೀವದಿಂದ, ಏಳಿಗೆಯಿಂದ ಬಿಡಿಸಿಕೊಂಡು ಬರಿಯ ಅಂಕಿಯಾಗಲು ಉಗಿಬಂಡಿಯೇ ದೊಡ್ಡ ಕಾರಣವೆಂದು ನನಗೆ ತೋರುತ್ತದೆ. 1829ರಲ್ಲಿ ರೈನ್‌ಹಿಲ್ ಎಂಬಲ್ಲಿ ನಡೆದ ಸ್ಪರ್ಧೆಯಲ್ಲಿ ಸ್ಟೀಫನ್‌ಸನ್ನರ 'ರಾಕೆಟ್' ಎಂಜಿನ್ನು ಗಂಟೆಗೆ ಸುಮಾರು 30 ಮೈಲಿಯ ವೇಗ ತೋರಿಸಿತು. ಕುದುರೆಗಿಂತ ಬೇಗ ಹೋಗುವ ವಾಹನವನ್ನು ಅದುವರೆಗೆ ಕಾಣದಿದ್ದ ಜನ. ಮರುವರ್ಷ ಸೆಪ್ಟೆಂಬರ್ 15ರಂದು ಲಿವರ್‌ಪೂಲ್ ಮ್ಯಾಂಚೆಸ್ಟರ್ ಮಾರ್ಗದ ಉದ್ಘಾಟನೆಯ ದಿನವೇ, ಹಳಿಯ ಮೇಲೆ ಇಳಿದಿದ್ದ ಪಾರ್ಲಿಮೆಂಟಿನ ಸದಸ್ಯ ವಿಲಿಯಂ ಹಸ್ಕಿಸನ್, ಎದುರಿಗೆ ಬರುತ್ತಿದ್ದ ಅದೇ ರಾಕೆಟ್ಟಿನಿಂದ ತಪ್ಪಿಸಿಕೊಳ್ಳಲಾರದೆ ಕಾಲು ಜಜ್ಜಿಹೋಗಿ ಆ ರಾತ್ರಿ ತೀರಿಕೊಂಡ. ಅಷ್ಟು ವೇಗವನ್ನು ಅಳೆಯುವ ಅಭ್ಯಾಸ ಕಣ್ಣಿಗೆ ಇನ್ನೂ ಬಂದಿರಲಿಲ್ಲ.

ಆ ರೈಲುಬಂಡಿಗೆ ಸಂದ 'ಟ್ರೇನ್' ಎಂಬ ಹೆಸರೇ ನಮ್ಮನ್ನು ದೇಹದ ಮಾತುಗಳ ಕಡೆಗೆ ಕರೆದೊಯ್ಯುತ್ತದೆ. ಲ್ಯಾಟಿನ್ನಿನಿಂದ ಫ್ರೆಂಚಿನ ಮೂಲಕ ಬಂದ ಇದರ ಅರ್ಥ ಎಳೆಯುವುದು. ಉದ್ದವಾಗಿ ಎಳೆದೊಯ್ಯುವ ಬಂಡಿಗಳ ಸಾಲು ಟ್ರೇನ್. ಬಳ್ಳಿಯನ್ನು ಚಪ್ಪರಕ್ಕೆ ಎಳೆದು ಕಟ್ಟುವುದೂ ಟ್ರೇನ್. ಬಳ್ಳಿಯಿಂದ ಕುದುರೆಗೆ, ಕುದುರೆಯಿಂದ ಮನುಷ್ಯನಿಗೆ ಆ ಮಾತು ಬಂತು. 1809ರ ಜೂನ್ 1ರಿಂದ ಜುಲೈ 12ರವರೆಗೆ ಕ್ಯಾಪ್ಟನ್ ಬಾರ್ಕ್ಲೆ ಎಂಬ ಸ್ಕಾಟ್ಲೆಂಡಿನ ಜಮೀನುದಾರ, ಕುದುರೆ ಜೂಜಿಗೆ ಹೆಸರಾದ ನ್ಯೂಮಾರ್ಕೆಟ್ ಊರಿನಲ್ಲಿ, ಸಾವಿರ ಗಂಟೆಗಳಲ್ಲಿ ಸಾವಿರ ಮೈಲಿ ನಡೆದ. ಗಂಟೆಗೆ ಒಂದೇ ಮೈಲಿ. ಆದರೆ ಹಗಲೂ ರಾತ್ರಿಯೂ ಒಂದು ಗಂಟೆಯೂ ತಪ್ಪದಂತೆ. ಪಣ ಸಾವಿರ ಗಿನಿ. ಇಲ್ಲಿ ವೇಗ ಏನೂ ಇಲ್ಲವೆಂಬುದನ್ನು ಗಮನಿಸಬೇಕು. ಇದು ನಿದ್ರೆಯ ಮೇಲಿನ ಪಂದ್ಯ. 1813ರಲ್ಲಿ ವಾಲ್ಟರ್ ಥಾಮ್ ಬರೆದ ಪುಸ್ತಕದಲ್ಲಿ ಆ ಕಾಲದ ನಡಿಗೆಗಾರರ ಸಾಧನೆಯ ಕ್ರಮ ಬಂದಿದೆ. ಮೊದಲು ಭೇದಿಗೆ ಕೊಡುವುದು, ಆಮೇಲೆ ಉಣ್ಣೆ ತೊಡಿಸಿ ಓಡಿಸಿ ಬೆವರು ಹರಿಸುವುದು, ಅರೆಬೆಂದ ಮಾಂಸ, ಹಳೆಯ ಬಿಯರ್. ತರಕಾರಿ ನಿಷಿದ್ಧ! ಜೂಜಿನ ಕುದುರೆಯ ಆರೈಕೆಗೂ ಇದಕ್ಕೂ ಬಹಳ ಅಂತರವಿರಲಿಲ್ಲ.

ಇಂಥವರಲ್ಲಿ ಇರುವುದನ್ನು 'ಸ್ಟ್ಯಾಮಿನ' ಎನ್ನುತ್ತಾರೆ. ನಮ್ಮ ಕ್ರಿಕೆಟ್ ಪ್ರೇಮಿಗಳ ಬಾಯಲ್ಲೂ ಅದು ಧಾರಾಳ. ಲ್ಯಾಟಿನ್ನಿನಲ್ಲಿ ಸ್ಟಾಮೆನ್ ಎಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಎಳೆ, ನಮ್ಮ ನೇಕಾರರ ಮಾತಿನಲ್ಲಿ ಹಾಸು. ಅದರ ಬಹುವಚನ ಸ್ಟ್ಯಾಮಿನ. ವಿಧಿಯ ದೇವತೆಯರು ಪ್ರತಿಯೊಬ್ಬನ ಆಯುಸ್ಸಿನ ನೂಲನ್ನು ನೂಲುತ್ತಾರೆಂಬ ಹಳೆಯ ನಂಬಿಕೆಯೂ ಅದರೊಡನೆ ಹೆಣೆದುಕೊಂಡಿದೆ. ಮೈಯ ಹಾಸು ಗಟ್ಟಿಯಾಗಿದ್ದರೆ ಬದುಕಿನ ಹೊಕ್ಕು ಎಷ್ಟು ಸಲ ಬಡಿದರೂ ತಡೆದುಕೊಳ್ಳುತ್ತದೆ. 'ಮಸಲ್' ಎಂದರೆ ಪುಟ್ಟ ಇಲಿ. ತೋಳು ಮಡಿಸಿದಾಗ ಚರ್ಮದ ಕೆಳಗೆ ಇಲಿ ಓಡಿದಂತೆ ಕಾಣುವುದರಿಂದ. ಇಷ್ಟು ಸಾಕು, ಇಲಿಯನ್ನು ಇಲ್ಲಿಗೇ ಬಿಡುತ್ತೇನೆ.

ನಾನು ಮುಖ್ಯವಾಗಿ ಹೇಳಬೇಕೆಂದಿರುವುದು 'ಫಿಟ್' ಎಂಬ ಚಿಕ್ಕ ಮಾತಿನ ಕಥೆ. ಇದು ಮೊದಲು ದೇಹದ ಮಾತೇ ಅಲ್ಲ. ತಕ್ಕದ್ದು, ಒಪ್ಪುವಂಥದು ಎಂದಷ್ಟೇ ಅರ್ಥ. ಬಾಗಿಲಿಗೆ ಕದ ಫಿಟ್, ಕಾಲಿಗೆ ಜೋಡು ಫಿಟ್. ಯಾವುದಕ್ಕೆ ತಕ್ಕದ್ದು ಎಂಬ ಪ್ರಶ್ನೆ ಅದರ ಬೆನ್ನಿಗೇ ಇರುತ್ತಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಪಂದ್ಯದ ಅಂಗಳದಲ್ಲಿ ಆ ಪ್ರಶ್ನೆ ಉದುರಿಹೋಯಿತು. ಓಟಕ್ಕೆ ತಕ್ಕ ಸ್ಥಿತಿಯಲ್ಲಿರುವುದು ಫಿಟ್. ಆಮೇಲೆ ಯಾವುದಕ್ಕೆಂದು ಹೇಳದೆ ಬರಿದೇ ಫಿಟ್. ಅದೇ ಕಾಲದಲ್ಲಿ, 1864ರಲ್ಲಿ, ಹರ್ಬರ್ಟ್ ಸ್ಪೆನ್ಸರ್ ಅತ್ಯಂತ ತಕ್ಕದ್ದರ ಉಳಿವು ಎಂಬ ನುಡಿಗಟ್ಟನ್ನು ರೂಪಿಸಿದ. 1869ರ ಆವೃತ್ತಿಯಲ್ಲಿ ಡಾರ್ವಿನ್ ಅದನ್ನು ತನ್ನ ಗ್ರಂಥಕ್ಕೆ ತೆಗೆದುಕೊಂಡ. ಡಾರ್ವಿನ್ನನಿಗೆ ಅದು ಪರಿಸರಕ್ಕೆ ಹೊಂದುವುದು. ಗಾಳಿ ಬೀಸುವ ದ್ವೀಪದಲ್ಲಿ ರೆಕ್ಕೆಯಿಲ್ಲದ ಜೀರುಂಡೆಯೇ ಫಿಟ್, ಹಾರುವಂಥದು ಕಡಲು ಪಾಲು. ಓದಿದ ಜನಕ್ಕೆ ಮಾತ್ರ ಅದು ಬಲಿಷ್ಠನ ಗೆಲುವು ಎಂದು ಕೇಳಿಸಿತು.

ಸರ್ಕಾರದ ಕಡತಕ್ಕೆ ಈ ಮಾತು ಹತ್ತಿದ್ದು ಯುದ್ಧದಿಂದ. 1899ರಿಂದ 1902ರವರೆಗೆ ದಕ್ಷಿಣ ಆಫ್ರಿಕದ ಬೋಯರ್ ಯುದ್ಧಕ್ಕೆ ಸೇರಲು ಬಂದ ಇಂಗ್ಲೆಂಡಿನ ನಗರಗಳ ಬಡ ಯುವಕರಲ್ಲಿ ಬಹಳ ಮಂದಿಯನ್ನು ವೈದ್ಯರು ಅನ್‌ಫಿಟ್ ಎಂದು ಹಿಂದಕ್ಕೆ ಕಳಿಸಿದರು. ಸಾಮ್ರಾಜ್ಯಕ್ಕೆ ಗಾಬರಿಯಾಯಿತು. ಜನಾಂಗವೇ ಕ್ಷಯಿಸುತ್ತಿದೆಯೇ ಎಂದು ವಿಚಾರಿಸಲು ನೇಮಿಸಿದ ಸಮಿತಿ 1904ರಲ್ಲಿ ವರದಿ ಕೊಟ್ಟಿತು. ರಕ್ತದಲ್ಲಿ ದೋಷವಿದೆಯೆನ್ನಲು ಆಧಾರವಿಲ್ಲ. ಹಸಿವು, ಕೊಳಕು ವಠಾರಗಳು, ಅಜ್ಞಾನ ಇವೇ ಕಾರಣ ಎಂದಿತು. 1906ರಲ್ಲಿ ಶಾಲೆಯ ಮಕ್ಕಳಿಗೆ ಊಟ ಕೊಡಲು ಅವಕಾಶ ಮಾಡುವ ಕಾನೂನು ಬಂತು, 1907ರಲ್ಲಿ ಶಾಲೆಗಳಲ್ಲಿ ವೈದ್ಯಕೀಯ ತಪಾಸಣೆ. ಅನ್‌ಫಿಟ್ ಎಂಬ ಕ್ರೂರ ಶಬ್ದದಿಂದ ಮಕ್ಕಳ ತಟ್ಟೆಗೆ ಅನ್ನ ಬಿದ್ದ ಪ್ರಸಂಗವಿದು.

ಮೊದಲನೆಯ ಮಹಾಯುದ್ಧದಲ್ಲಿ ಸೈನಿಕರನ್ನು ಎ ಒನ್‌ನಿಂದ ಸಿ ತ್ರೀವರೆಗೆ ದರ್ಜೆ ಕಟ್ಟಿದರು. ಈ ಎ ಒನ್ ನಮ್ಮ ಪೇಟೆಗಳಿಗೂ ಪರಿಚಿತ. "ಎ ಒನ್ ಮಾಲು ಸಾರ್" ಎನ್ನುವ ವ್ಯಾಪಾರಿಗೆ ತಾನು ಹಡಗಿನ ಭಾಷೆ ಆಡುತ್ತಿದ್ದೇನೆಂದು ತಿಳಿದಿರಲಾರದು. ಲಂಡನ್ನಿನ ಲಾಯ್ಡ್ಸ್ ಹಡಗುಪಟ್ಟಿಯಲ್ಲಿ ಅಕ್ಷರ ಹಡಗಿನ ಒಡಲಿನ ಸ್ಥಿತಿಯನ್ನು, ಅಂಕಿ ಅದರ ಲಂಗರು ಹಗ್ಗಗಳ ಸ್ಥಿತಿಯನ್ನು ಸೂಚಿಸುತ್ತಿದ್ದವು. ವಿಮೆಗಾಗಿ ಹಡಗನ್ನು ತೂಗಿದ ಗುರುತು ಮನುಷ್ಯರ ಎದೆಗೆ ಅಂಟಿತು.

ಇದೇ ಶಬ್ದ ತುಳಿದ ಇನ್ನೊಂದು ದಾರಿಯನ್ನೂ ಹೇಳದೆ ಬಿಡುವಂತಿಲ್ಲ. ಡಾರ್ವಿನ್ನನ ನೆಂಟ ಫ್ರಾನ್ಸಿಸ್ ಗಾಲ್ಟನ್ 1883ರಲ್ಲಿ 'ಯೂಜೆನಿಕ್ಸ್' ಎಂಬ ಹೆಸರನ್ನು ಕಟ್ಟಿದ. ಒಳ್ಳೆಯ ತಳಿಯ ಜನ ಹೆಚ್ಚಬೇಕು, ಅನ್‌ಫಿಟ್ ಜನ ಹೆಚ್ಚಬಾರದು ಎಂಬುದು ಅದರ ಸಾರ. 1907ರಲ್ಲಿ ಅಮೆರಿಕದ ಇಂಡಿಯಾನ ರಾಜ್ಯ ಅಂಥವರಿಗೆ ಒತ್ತಾಯದಿಂದ ಸಂತಾನಹರಣ ಚಿಕಿತ್ಸೆ ಮಾಡಲು ಕಾನೂನು ತಂದಿತು. ವರ್ಜಿನಿಯ ರಾಜ್ಯದ ಇಂಥದೇ ಕಾನೂನು ಸುಪ್ರೀಂ ಕೋರ್ಟಿಗೆ ಹೋದಾಗ, 1927ರ ಮೇ 2ರಂದು, ಎಂಟು ನ್ಯಾಯಾಧೀಶರು ಅದನ್ನು ಎತ್ತಿಹಿಡಿದರು, ಒಬ್ಬರು ಮಾತ್ರ ಒಪ್ಪಲಿಲ್ಲ. ಕ್ಯಾರಿ ಬಕ್ ಎಂಬ ಬಡ ಹುಡುಗಿಗೆ ಆ ವರ್ಷ ಅಕ್ಟೋಬರಿನಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. ಆಗ ಅವಳಿಗೆ 21 ವರ್ಷ. ತಾಯಿ ಬುದ್ಧಿಹೀನೆ, ಮಗಳು ಬುದ್ಧಿಹೀನೆ, ಮೊಮ್ಮಗಳೂ ಹಾಗೆಯೇ ಎಂದು ಕಾಗದದಲ್ಲಿ ಬರೆದಿದ್ದರು. ಆ ಮೊಮ್ಮಗಳು ಶಾಲೆಗೆ ಹೋಗಿ, ಎಂಟನೆಯ ವಯಸ್ಸಿನಲ್ಲಿ ತೀರಿಕೊಳ್ಳುವ ಮುನ್ನ, ಚೆನ್ನಾಗಿ ಓದುವ ಮಕ್ಕಳ ಪಟ್ಟಿಯಲ್ಲಿ ಹೆಸರು ಪಡೆದಿದ್ದಳೆಂದು ಆಮೇಲೆ ಹುಡುಕಿದವರಿಗೆ ತಿಳಿಯಿತು. ಅಮೆರಿಕದಲ್ಲಿ ಇಂಥ ಕಾನೂನುಗಳಿಗೆ ಈಡಾದವರು 60,000ಕ್ಕೂ ಹೆಚ್ಚು. ಯಾವುದಕ್ಕೆ ತಕ್ಕವರು ಎಂಬ ಪ್ರಶ್ನೆ ಶಬ್ದದಿಂದ ಉದುರಿಹೋದರೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಈ ಮಾತಿಗೆ ಹೋಲಿಸಿದರೆ ನಮ್ಮ 'ಸ್ವಸ್ಥ' ಸಾಧುವಾದದ್ದು. ತನ್ನಲ್ಲಿ ತಾನು ನಿಂತವನು ಸ್ವಸ್ಥ. ಯಾರ ತಕ್ಕಡಿಯೂ ಅದರಲ್ಲಿಲ್ಲ. ಆರೋಗ್ಯವನ್ನು ಮನಸ್ಸಿನ ಸ್ಥಿತಿಯೊಡನೆ ಸೇರಿಸುವ ಈ ಬಗೆ ಇಂಗ್ಲಿಷಿನಲ್ಲೂ ಇತ್ತು. ಸಂಯಮವನ್ನು ಕುರಿತ ಅವರ ಹಳೆಯ ಮಾತು 'ಟೆಂಪರ್'. ಲ್ಯಾಟಿನ್ ಮೂಲದಲ್ಲಿ ಇದು ಸರಿಯಾದ ಪ್ರಮಾಣದಲ್ಲಿ ಬೆರೆಸುವುದು. ಕನ್ನಡದಲ್ಲಿ ಇದಕ್ಕೆ ಒಂದೇ ಮಾತಿದೆ, ಹದ. ಕಮ್ಮಾರನ ಉಕ್ಕಿಗೂ ಹದ, ಕುಂಬಾರನ ಮಣ್ಣಿಗೂ ಹದ, ಹಪ್ಪಳದ ಹಿಟ್ಟಿಗೂ ಹದ, ಮನಸ್ಸಿಗೂ ಹದ. ರಕ್ತ, ಕಫ, ಹಳದಿ ಪಿತ್ತ, ಕರಿ ಪಿತ್ತ ಈ ನಾಲ್ಕು ರಸಗಳ ಹದವೇ ಮನುಷ್ಯನ ಸ್ವಭಾವವೆಂದು ಯೂರೋಪಿನ ವೈದ್ಯರು ಶತಮಾನಗಳ ಕಾಲ ನಂಬಿದ್ದರು. ಹದ ತಪ್ಪಿದವನು ಟೆಂಪರನ್ನು ಕಳೆದುಕೊಂಡವನು. ನಮ್ಮಲ್ಲಿ ಅಂಥವನಿಗೆ ಪಿತ್ತ ನೆತ್ತಿಗೇರುತ್ತದೆ. ಈಗಲೋ ಟೆಂಪರ್ ಎಂದರೇ ಸಿಟ್ಟು. ಕಳೆದುಕೊಂಡದ್ದರ ಹೆಸರು, ಕಳೆದುಕೊಂಡ ಮೇಲೆ ಉಳಿದದ್ದಕ್ಕೆ ಅಂಟಿಕೊಂಡಿತು.

ಇದರ ತಂಗಿ 'ಟೆಂಪರೆನ್ಸ್'ನ ಗತಿ ಇನ್ನೂ ವಿನೋದವಾದದ್ದು. ರೋಮನ್ನರು ದ್ರಾಕ್ಷಾರಸಕ್ಕೆ ನೀರು ಬೆರೆಸಿ ಹದಮಾಡುವುದಕ್ಕೆ ಆ ಕ್ರಿಯಾಪದವನ್ನೇ ಬಳಸುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಪಾನಮಿತಿಯ ಸಂಘಗಳು ಹುಟ್ಟಿದಾಗ ಮೊದಮೊದಲು ಜಿನ್ನು ಬ್ರಾಂದಿಗಳಿಗಷ್ಟೇ ತಡೆ, ಬಿಯರಿಗೆ ಅನುಮತಿ. ಪ್ರೆಸ್ಟನ್ ಎಂಬ ನೂಲಿನ ಗಿರಣಿಗಳ ಊರಿನಲ್ಲಿ ಜೋಸೆಫ್ ಲೈವ್ಸಿ ಮತ್ತು ಅವನ ಗೆಳೆಯರು 1832ರಲ್ಲಿ ಎಲ್ಲ ಮದ್ಯವನ್ನೂ ಬಿಡುವ ಪ್ರತಿಜ್ಞೆ ಮಾಡಿದರು. ಮರುವರ್ಷ ಅವರ ಸಭೆಯಲ್ಲಿ ರಿಚರ್ಡ್ ಟರ್ನರ್ ಎಂಬ ಕೂಲಿಕಾರ, ಪೂರ್ತಿಯಾಗಿ ಬಿಡಬೇಕು ಎಂಬುದನ್ನು ಒತ್ತಿ ಹೇಳುತ್ತ 'ಟೀಟೋಟಲ್' ಎಂದ. ಅವನ ಉಗ್ಗಿನಿಂದ ಹುಟ್ಟಿದ ಶಬ್ದವೆಂದು ಕೆಲವರು, ಬೇಕೆಂದೇ ಎರಡು ಸಲ ನುಡಿದನೆಂದು ಕೆಲವರು. ಅಂತೂ ಬೆರೆಸು ಎಂಬರ್ಥದ ಮಾತು ಮುಟ್ಟಬೇಡ ಎಂಬರ್ಥಕ್ಕೆ ತಿರುಗಿತು. ನನಗೆ ಆ ಗಿರಣಿ ಕೂಲಿಗಳ ಬಗ್ಗೆ ನಗು ಬರುವುದಿಲ್ಲ. ವಾರದ ಸಂಬಳ ಶನಿವಾರ ಸಂಜೆ ಪಡಖಾನೆಯಲ್ಲಿ ಮುಗಿದರೆ ಭಾನುವಾರ ಮನೆಯಲ್ಲಿ ಒಲೆ ಉರಿಯದಂಥ ಸಂಸಾರಗಳು ಅವು. ಅವರಿಗೆ ಹದ ಎನ್ನುವುದು ಉಳ್ಳವರ ಮಾತಾಗಿ ಕೇಳಿಸಿದ್ದರೆ ಅಚ್ಚರಿಯಿಲ್ಲ.

'ಸೆಲ್ಫ್ ಕಂಟ್ರೋಲ್' ಎಂಬ ಸಮಾಸ ಬಹಳ ಹಳೆಯದೇನಲ್ಲ. 1711ರಲ್ಲಿ ಶಾಫ್ಟ್ಸ್‌ಬರಿಯ ಪ್ರಭು ಪ್ರಕಟಿಸಿದ ನೀತಿಗ್ರಂಥದಲ್ಲಿ ಅದು ಮೊದಲು ಕಾಣುತ್ತದೆ. ಕಂಟ್ರೋಲ್ ಎಂಬುದು ಲೆಕ್ಕದವರ ಮಾತು. ಜಮಾಖರ್ಚಿನ ಸುರುಳಿಗೆ ಎದುರಾಗಿ ಇಟ್ಟ ಇನ್ನೊಂದು ಪ್ರತಿ ಸುರುಳಿ. ಎರಡನ್ನೂ ತಾಳೆ ನೋಡುವವನು ಕಂಟ್ರೋಲರ್. ಎರಡನೆಯ ಮಹಾಯುದ್ಧದ ಕಾಲದಲ್ಲಿ ನಮ್ಮ ಹಿರಿಯರು ಚೀಟಿ ಹಿಡಿದು ನಿಂತು ತಂದ 'ಕಂಟ್ರೋಲ್' ಅಕ್ಕಿ ಸಕ್ಕರೆಗಳು ಆ ಮೂಲಾರ್ಥಕ್ಕೆ ಬಹಳ ಹತ್ತಿರವಿದ್ದವು. ತನ್ನನ್ನು ತಾನು ಆಳುವುದೆಂದರೆ ತನ್ನ ಖಾತೆಗೆ ಇನ್ನೊಂದು ಪ್ರತಿ ಇಟ್ಟು ತಾಳೆ ನೋಡುವುದು! ವ್ಯಾಪಾರದ ದೇಶದ ಮಾತು ಎನ್ನೋಣವೆಂದರೆ, ಕನ್ನಡದಲ್ಲೂ ಎಣಿಕೆಗೆ ಅಂಕೆ, ಹತೋಟಿಗೂ ಅಂಕೆ. ಅಂಕೆಯಿಲ್ಲದ ಕಪಿ ಲಂಕೆಯನ್ನು ಸುಟ್ಟಿತೆಂಬ ಗಾದೆಯನ್ನು ಕೇಳದವರು ಯಾರು?

ಇನ್ನೊಂದು ಮಾತು ಉಳಿದಿದೆ. 'ಅಸೆಟಿಕ್' ಎಂದರೆ ತಪಸ್ವಿ, ವಿರಾಗಿ. ಇದರ ಗ್ರೀಕ್ ಮೂಲಕ್ಕೆ ಅಭ್ಯಾಸ ಮಾಡುವುದು, ಅಂಗಸಾಧನೆ ಮಾಡುವುದು ಎಂದು ಅರ್ಥ. ಪಂದ್ಯದ ಅಂಗಳದಲ್ಲಿ ಎಣ್ಣೆ ತಿಕ್ಕಿಕೊಂಡು ಪಳಗುತ್ತಿದ್ದ ಜಟ್ಟಿಯ ಕಸುಬಿನ ಮಾತನ್ನು ಮರಳುಗಾಡಿನ ಕ್ರೈಸ್ತ ಸಂನ್ಯಾಸಿಗಳು ತಮ್ಮದಾಗಿಸಿಕೊಂಡರು. ಮೈಯನ್ನು ಪಳಗಿಸುವುದಕ್ಕೂ ಮನಸ್ಸನ್ನು ಪಳಗಿಸುವುದಕ್ಕೂ ಒಂದೇ ಹೆಸರಾಯಿತು. ನಮ್ಮಲ್ಲಿ ಈ ನಂಟು ಧಾತುವಿನಲ್ಲೇ ಇದೆ. ವ್ಯಾಯಾಮ, ಸಂಯಮ, ನಿಯಮ, ಪ್ರಾಣಾಯಾಮ ಈ ನಾಲ್ಕೂ 'ಯಮ್' ಎಂಬ ಒಂದೇ ಧಾತುವಿನ ಮಕ್ಕಳು. ಆ ಧಾತುವಿನ ಅರ್ಥ ಹಿಡಿ, ತಡೆ ಎಂದು. ಜಿಮ್ಮಿಗೆ ಹೋಗುವ ಈಗಿನ ಹುಡುಗರು ವ್ಯಾಯಾಮ ಎಂಬ ಮಾತನ್ನು ಬಿಟ್ಟು ವರ್ಕ್‌ಔಟ್ ಎನ್ನುತ್ತಾರೆ. ಅದರಲ್ಲಿ ಕೆಲಸವಿದೆ, ಹಿಡಿತವಿಲ್ಲ.

ನಮ್ಮ ಊರಿನ ಗರಡಿಮನೆಗೆ ಚಿಕ್ಕಂದಿನಲ್ಲಿ ನಾನೂ ಒಂದು ಬೇಸಗೆಯಲ್ಲಿ ಹೋಗುತ್ತಿದ್ದೆ. ಕೆಮ್ಮಣ್ಣಿನ ಅಂಕಣ, ಗೋಡೆಯಲ್ಲಿ ಹನುಮಂತನ ಪಟ, ಮೂಲೆಯಲ್ಲಿ ಗದೆ. ಡ್ರಿಲ್ ಮಾಸ್ತರರ ಅಭ್ಯಾಸದಿಂದ ನಾನು ಲಗುಬಗೆಯಲ್ಲಿ ಹತ್ತು ಬಸ್ಕಿ ಹೊಡೆದು ಉಬ್ಬಸ ಬಿಡುತ್ತ ನಿಂತೆ. ಉಸ್ತಾದರು ಹತ್ತಿರ ಬಂದು ಬೆನ್ನಿನ ಮೇಲೆ ಅಂಗೈಯಿಟ್ಟು, "ಓಡಬೇಡ ಮಗ, ಉಸಿರು ಹಿಡಿ" ಎಂದರು.